ಜೋನಾನ ಎರಡನೇ ವಿಚಾರಣೆ

ಸಂಪದಾ ಮೇಡಂ ಅವರ ಫೋನ್ ಬಂದಾಗ ಅಫ್ರೀನ್ ಧಾರವಾಡ ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪಾಳಿಗೆ ನಿಂತಿದ್ದಳು.

"ಅಫ್ರೀನ್, ಮುಂದಿನ ರವಿವಾರ ಏನರೆ ಕೆಲಸ ಅದ ಏನವಾ? ನಮ್ಮ ಓದುಗರ ಬಳಗದಾಗ ಒಂದು ಕೋರ್ಟ್ ನಡಸ್ಲಿಕತ್ತೇವಿ. ಕಾದಂಬರಿ ಒಳಗಿನ ಕೇಸು. ನೀ ಬರಬೇಕು."

ಸಂಪದಾ ಧಾರವಾಡದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ನೂರು ವರ್ಷದ ಹಿಂದಿನ ಒಂದು ಅಮೆರಿಕನ್ ಕಾದಂಬರಿಯನ್ನು ಎರಡು ವರ್ಷ ಕೂತು ಕನ್ನಡಕ್ಕೆ ತಂದಿದ್ದರು. ಪ್ರತಿ ರವಿವಾರ ಬಳಗದವರು ಸೇರಿ ಒಂದೊಂದು ಅಧ್ಯಾಯ ಓದಿಸಿ ಕೇಳುತ್ತಿದ್ದರು. ಹತ್ತಿ ವ್ಯಾಪಾರದ ಒಂದು ಊರಿನಲ್ಲಿ ಗೋದಾಮಿಗೆ ಬೆಂಕಿ ಬೀಳುತ್ತದೆ. ಅಲ್ಲಿ ಮೂಟೆ ಹೊರುವ ಜೋನಾ ಎಂಬ ಕರಿಯನೇ ಬೆಂಕಿ ಹಚ್ಚಿದ ಎಂದು ಕಾವಲುಗಾರ ಸಾಕ್ಷಿ ಹೇಳುತ್ತಾನೆ. ಹನ್ನೆರಡು ಜನ ಬಿಳಿಯರ ಜ್ಯೂರಿ ಒಳಗೆ ಹೋಗಿ ಹತ್ತೇ ನಿಮಿಷದಲ್ಲಿ ಹೊರಬಂದು ಅವನನ್ನು ಅಪರಾಧಿ ಎನ್ನುತ್ತದೆ. ಆ ಅಧ್ಯಾಯ ಓದಿದ ದಿನ ಬಳಗದಲ್ಲಿ ಯಾರೂ ಚಹಾ ಮುಟ್ಟಲಿಲ್ಲವಂತೆ. ನಿವೃತ್ತ ಜಿಲ್ಲಾ ನ್ಯಾಯಾಧೀಶರಾದ ರಮಾಕಾಂತ ಅವರು ಎದ್ದು ನಿಂತು, "ಈ ಕೇಸ್ ನಾವ ಹೊಸದಾಗಿ ಕೇಳೋಣು" ಎಂದು ಹೇಳಿಯೇಬಿಟ್ಟಿದ್ದರು.

"ನೀನು ಜೋನಾನ ಹೆಂಡತಿ ಆಗಬೇಕಂತ ಎಲ್ಲಾರೂ ಅಂದ್ರವಾ" ಎಂದರು ಸಂಪದಾ.

"ಆಕೀಗೆ ಮಾತು ಎಷ್ಟದಾವ್ರಿ ಮೇಡಂ?"

"ಮಾತು... ಮಾತೇನಿಲ್ಲ. ಗಂಡನ ಕಡೆ ನೋಡಿಕೋತ ಅಳಬೇಕು."

"ನನಗ ಅಳಾಕ ಬರೂದಿಲ್ರಿ. ಕೇಸ್ ನಡಸಾಕ ಬರತೈತಿ. ಜೋನಾನ ವಕೀಲರು ಯಾರದಾರ?"

"ಇನ್ನೂ ಯಾರೂ ಒಪ್ಪಿಲ್ಲ. ಕಾದಂಬರಿ ಒಳಗ ಆ ವಕೀಲ ಎದ್ದು ನಿಂತು ದಯಾ ತೋರಸ್ರಿ ಅನ್ನೂದು ಬಿಟ್ರ ಬ್ಯಾರೆ ಏನೂ ಮಾಡೂದೇ ಇಲ್ಲ."

"ಹಂಗಾರ ಅದನ್ನ ನನಗ ಕೊಡ್ರಿ."

ಸಂಪದಾ ಮೆಲ್ಲಗೆ, "ತಪ್ಪಾತವಾ. ನಾ ಮೊದಲ ಅದನ್ನ ಕೇಳಬೇಕಾಗಿತ್ತು" ಎಂದರು.

ಅಫ್ರೀನ್‌ಗೆ ಇಪ್ಪತ್ತಾರು ವರ್ಷ. ಕಲಘಟಗಿ ತಾಲೂಕಿನಲ್ಲಿ ಕಾಡಿನಂಚಿಗೆ ಇರುವ ಸಿದ್ದಿಯರ ಒಂದು ಕೇರಿ ಅವಳ ಊರು. ಕೆಲವು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದ ಜನ ಸಿದ್ದಿಯರ ಪೂರ್ವಜರು. ಆ ನೆಲದ್ದೆಂದು ಅವಳಲ್ಲಿ ಉಳಿದದ್ದು ಮೈಬಣ್ಣ ಮತ್ತು ಗುಂಗುರು ಕೂದಲು ಎರಡೇ. ಮಾತು, ಊಟ, ಹಟ ಎಲ್ಲ ಇಲ್ಲಿಯವು. ಹುಬ್ಬಳ್ಳಿಯಲ್ಲಿ ಕಾನೂನು ಓದಿ, ಗೋಪನಕೊಪ್ಪದಲ್ಲಿ ಒಂದು ಖೋಲಿ ಹಿಡಿದು, ಎರಡು ವರ್ಷದಿಂದ ಧಾರವಾಡದ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಸಂಪದಾ ಕೊಟ್ಟ ಇನ್ನೂರ ಎಂಬತ್ತು ಪುಟಗಳ ಅನುವಾದವನ್ನು ಅವಳು ಹುಬ್ಬಳ್ಳಿ ಧಾರವಾಡದ ಬಸ್ಸಿನಲ್ಲೇ ಓದಿ ಮುಗಿಸಿದಳು. ಎರಡು ಸಲ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದಳು.

ರವಿವಾರ ಬೆಳಗ್ಗೆ ಒಂಬತ್ತೂವರೆಗೆ ಬಳಗದ ಸಭಾಭವನಕ್ಕೆ ಬಂದಾಗ ಬಾಗಿಲಲ್ಲೇ ಪಂಢರಿನಾಥ ಸಿಕ್ಕರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಆ ದಿನ ಅವರದು ಕಾವಲುಗಾರನ ಪಾತ್ರ. ಮೇ ತಿಂಗಳ ಸೆಕೆಯಲ್ಲೂ ಖಾಕಿ ಕೋಟು, ಮಂಕಿ ಕ್ಯಾಪು ಹಾಕಿಕೊಂಡು ಬೆವರುತ್ತಿದ್ದರು.

"ಶಾಭಾಷ್ ತಂಗಿ, ಶಾಭಾಷ್!" ಎಂದು ಅವರು ಕೈ ಕುಲುಕಿದರು. "ಪೇಪರಿನಾಗ ಫೋಟೋ ನೋಡಿದೆ. ಓಟದಾಗ ಬಂಗಾರದ ಪದಕ ಅಂದ್ರ ಸಣ್ಣ ಮಾತೇನು?"

ಅಫ್ರೀನ್ ಬಾಯಿ ತೆರೆಯುವಷ್ಟರಲ್ಲಿ ಅವರನ್ನು ಯಾರೋ ಒಳಗೆ ಕರೆದರು. ಚಹಾ ಕೊಡುವವನೂ ಅದನ್ನೇ ಹೇಳಿದ. ಹತ್ತು ನಿಮಿಷದ ಮೇಲೆ ರಮಾಕಾಂತರು ಕೋಲೂರುತ್ತ ಬಂದು, "ನಮ್ಮ ಜಿಲ್ಲಾಕ್ಕ ಹೆಸರು ತಂದ್ರಿ ನೀವು. ಓಡೂದರ ಜೋಡಿ ವಕೀಲಿನೂ ಮಾಡ್ತೀರಿ ಅಂದ್ರ ಭಾಳ ಛಲೋ" ಎಂದರು. ಹಿರಿಯರು, ಎದುರಿಗೇ ಇಲ್ಲ ಎನ್ನಲು ಅವಳಿಗೆ ಸಂಕೋಚವಾಯಿತು. ಚೀಲದಿಂದ ಪೆನ್ನು ತೆಗೆದು ತನ್ನ ಟಿಪ್ಪಣಿಯ ಕೊನೆಗೆ ಒಂದು ಸಾಲು ಬರೆದುಕೊಂಡಳು. ಒಳಗಿನ ಗ್ರಂಥಾಲಯದಿಂದ ಆ ಫೋಟೋ ಇದ್ದ ಪೇಪರನ್ನೂ ಕೇಳಿ ತಂದು ಚೀಲದಲ್ಲಿಟ್ಟುಕೊಂಡಳು.

ಜೋನಾನ ಪಾತ್ರಕ್ಕೆ ಬಂದಿದ್ದವನು ಫಕೀರೇಶ, ಮುಗದದ ಬಸ್ ಕಂಡಕ್ಟರ್. ನಾಟಕದ ಹುಚ್ಚಿನವನು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಕಾಡಿಗೆ ಡಬ್ಬಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದ.

"ಅದನ್ನ ಕಿಸೆದಾಗ ಇಡ್ರಿ" ಎಂದಳು ಅಫ್ರೀನ್. "ಮೈಗೆ ಮಸಿ ಬಳಕೊಂಡ್ರ ಜೋನಾ ಆಗೂದಿಲ್ಲ. ಮಾಡದ ತಪ್ಪಿಗೆ ನಿಮ್ಮನ್ನ ಹಿಡಕೊಂಡು ಬಂದಾರ. ಅದನ್ನ ಮುಖದಾಗ ತರ್ರಿ, ಸಾಕು."

ಫಕೀರೇಶ ಡಬ್ಬಿ ಮುಚ್ಚಿದ. "ಅದು ಕಷ್ಟ ಐತ್ರಿ ಅಕ್ಕಾ. ಮಸಿ ಹಚ್ಕೊಳ್ಳೂದು ಸುಲಭ ಇತ್ತು" ಎಂದು ನಕ್ಕ.

ಜ್ಯೂರಿಗೆ ಹನ್ನೆರಡು ಜನ ಬೇಕಿತ್ತು. ಅರ್ಧದಷ್ಟು ಜನ ಬಳಗದ ಹೊರಗಿನವರಾಗಿರಬೇಕು, ಕಾದಂಬರಿ ಓದಿರಬಾರದು ಎಂಬುದು ರಮಾಕಾಂತರ ಷರತ್ತು. ಸಭಾಭವನದ ಗ್ರಂಥಾಲಯದಲ್ಲಿ ಕೆಲಸ ಮಾಡುವ ಕಾವೇರಿ ಗರಗದಿಂದ ತನ್ನ ತಾಯಿ ರೇಣವ್ವನನ್ನು ಕರೆತಂದಿದ್ದಳು. ರೇಣವ್ವ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲುತ್ತಾಳೆ. ಅರವತ್ತು ದಾಟಿದೆ. "ಊಟ ಐತಿ ಅಂತ ಹೇಳ್ಯಾಳ್ರಿ ನನ್ನ ಮಗಳು, ಅದಕ್ಕ ಬಂದೇನಿ" ಎಂದು ಎಲ್ಲರ ಮುಂದೆ ಹೇಳಿ ಜ್ಯೂರಿಯ ಮೊದಲ ಕುರ್ಚಿಯಲ್ಲೇ ಸೆರಗು ಸರಿಮಾಡಿಕೊಂಡು ಕೂತಳು.

ಹತ್ತೂವರೆಗೆ ಕೋರ್ಟು ಶುರುವಾಯಿತು. ಸರಕಾರದ ಪರ ಕಪಿಲ ನಿಂತ. ಅವನು ಅಫ್ರೀನ್ ವಾರಿಗೆಯವನೇ. ಮೂರು ತಲೆಮಾರಿನ ವಕೀಲರ ಮನೆಯ ಹುಡುಗ, ಮಾತು ನೀರು ಹರಿದಂತೆ. ಜೋನಾ ಒಂದು ವಾರದ ಹಿಂದೆ ಮಾಲೀಕನ ಹತ್ತಿರ ಜಗಳವಾಡಿದ್ದ, ಅವನ ಅಂಗಿಗೆ ಸೀಮೆಎಣ್ಣೆಯ ವಾಸನೆ ಇತ್ತು, ಕಾವಲುಗಾರ ಅವನನ್ನು ಕಣ್ಣಾರೆ ಕಂಡಿದ್ದಾನೆ ಎಂದು ಒಂದೊಂದಾಗಿ ಪೋಣಿಸಿದ. ಸಭೆಯಲ್ಲಿ ಕೆಲವರು ತಲೆದೂಗಿದರು.

ಅಫ್ರೀನ್ ಎದ್ದಳು. ಕಂದೀಲಿಗೆ ಸೀಮೆಎಣ್ಣೆ ಹಾಕುವುದೂ ಜೋನಾನ ದಿನದ ಕೆಲಸವಾಗಿತ್ತು ಎಂಬುದನ್ನು ಎರಡು ಪ್ರಶ್ನೆಗಳಲ್ಲಿ ಹೊರತೆಗೆದಳು. ಆಮೇಲೆ ಕಾವಲುಗಾರನ ಕಡೆ ತಿರುಗಿದಳು.

"ನೀವು ಓಡಿ ಹೋಗೋ ಮನಶ್ಯಾನ್ನ ಎಷ್ಟು ದೂರದಿಂದ ನೋಡಿದ್ರಿ?"

"ಅರವತ್ತು ಹೆಜ್ಜಿ" ಎಂದರು ಪಂಢರಿನಾಥ. ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು.

"ಬೆಳಕು?"

"ಅಮಾಸಿ ಮುಂದಿನ ದಿನ. ಬೆಳಕಿರಲಿಲ್ಲ. ಆದ್ರೂ ಅಂವ ಜೋನಾನ."

"ಹೆಂಗ ಗುರುತು ಹಿಡದ್ರಿ?"

"ಕರೀ ಮುಖ, ಗುಂಗುರು ಕೂದಲಾ. ಮತ್ತ ಯಾರಿರತಾರ?"

"ಆ ಊರಾಗ ಅಂಥಾ ಮುಖದವರು, ಅಂಥಾ ಕೂದಲದವರು ಎಷ್ಟು ಮಂದಿ ಇದ್ರು?"

"ನಾನೂರು ಮಂದಿ."

"ಇನ್ನೊಂದೇ ಪ್ರಶ್ನೆ ಐತ್ರಿ. ಇದು ಕಾವಲುಗಾರಗಲ್ಲ, ಪಂಢರಿನಾಥ ಕಾಕಾ ನಿಮಗ. ಇವತ್ತ ಮುಂಜಾನೆ ಒಂಬತ್ತೂವರಿಗೆ, ಛಲೋ ಬೆಳಕಿನಾಗ, ಎರಡು ಹೆಜ್ಜಿ ದೂರದಿಂದ ನನ್ನ ನೋಡಿ ಏನಂದ್ರಿ?"

ಪಂಢರಿನಾಥ ತಮ್ಮ ಪಾಠದಲ್ಲಿಲ್ಲದ ಪ್ರಶ್ನೆಗೆ ಕಣ್ಣು ಮಿಟುಕಿಸಿದರು. "ಓಟದಾಗ ಪದಕ ಬಂತಲ್ಲಾ, ಅದಕ್ಕ ಶಾಭಾಷ್ ಅಂದೆ."

"ನಾನು ಬಸ್ಸಿನ ಬೆನ್ನ ಹತ್ತಿ ಓಡಿದ್ದು ಬಿಟ್ರ ಜೀವನದಾಗ ಯಾವ ಓಟಾನೂ ಓಡಿಲ್ರಿ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಫ್ರೀನ್ ಕೂಡ ನಕ್ಕಳು. ನಗು ಇಳಿಯುವವರೆಗೆ ಕಾದು ಚೀಲದಿಂದ ಆ ಪೇಪರ್ ತೆಗೆದು ಹಿಡಿದಳು. "ಪದಕ ತಂದಾಕಿ ಈ ಹುಡುಗಿ. ಆಕೀಗೆ ಹದಿನೇಳು ವರ್ಷ. ನನಗಿಂತ ಗೇಣುದ್ದ ಎತ್ತರ ಅದಾಳ. ನನಗ ಚಷ್ಮಾ ಐತಿ, ಆಕೀಗಿಲ್ಲ. ನಾವಿಬ್ಬರೂ ಸಿದ್ದಿಯರು. ಅದೊಂದ ಬಿಟ್ರ ನಮ್ಮಿಬ್ಬರದೂ ಯಾವುದೂ ಒಂದ ಅಲ್ಲ."

ಪಂಢರಿನಾಥ ಮಂಕಿ ಕ್ಯಾಪು ತೆಗೆದರು. ಬೋಳು ತಲೆಯ ಮೇಲೆ ಬೆವರು ಮಿಂಚುತ್ತಿತ್ತು. "ಖರೇನ ತಪ್ಪಾತವಾ ತಂಗಿ."

"ನಿಮ್ಮನ್ನ ಬೈಯಾಕ ಕೇಳಲಿಲ್ರಿ ಕಾಕಾ. ನೀವು ಪ್ರೀತಿಲೆ ಅಂದ್ರಿ. ಪ್ರೀತಿಲೆ, ಹಗಲಿನಾಗ, ಎರಡು ಹೆಜ್ಜಿ ದೂರದಿಂದ ನೋಡಿದವರೂ ಒಬ್ಬಾಕೀನ್ನ ಇನ್ನೊಬ್ಬಾಕಿ ಅಂತ ತಿಳಕೊಂಡ್ರ, ಅರವತ್ತು ಹೆಜ್ಜಿ ದೂರದಾಗ, ಕತ್ತಲ್ಯಾಗ, ಮೊದಲ ಕರಿಯರ ಮ್ಯಾಲ ಸಿಟ್ಟು ಇಟಕೊಂಡು ನೋಡಿದಂವ ಯಾರನ್ನ ನೋಡಿದ್ದಾನು?"

ರಮಾಕಾಂತರು ಗಂಟಲು ಸರಿಮಾಡಿಕೊಂಡು, "ಕ್ಲರ್ಕ್, ಬರಕೊಳ್ರಿ" ಎಂದರು. "ಇದ ತಪ್ಪು ನ್ಯಾಯಾಧೀಶರಿಂದಾನೂ ಆಗೇದ. ಮುಂಜಾನೆ ಒಂಬತ್ತು ನಲವತ್ತಕ್ಕ. ನಲವತ್ತು ವರ್ಷ ಸಾಕ್ಷಿಗಳ ಮಾತು ಕೇಳಿದಂವಾ ನಾನು. ದಾಖಲಾಗ್ಲಿ." ಮತ್ತೆ ನಗು ಎದ್ದಿತು, ಈ ಸಲ ಸ್ವಲ್ಪ ನಾಚಿಕೆ ಬೆರೆತ ನಗು.

ಕುರ್ಚಿಗೆ ಬಂದು ಕೂತಾಗ ಅಫ್ರೀನ್‌ಗೆ ಒಂದು ಹಳೆಯ ಸಂಗತಿ ನೆನಪಾಯಿತು. ಅವಳ ತಂದೆ ಜಾವೀದ ಒಂದು ಸಲ ಹಬ್ಬದ ಬಟ್ಟೆ ಕೊಳ್ಳಲು ಹುಬ್ಬಳ್ಳಿ ಪೇಟೆಗೆ ಬಂದಿದ್ದ. ಯಾರದೋ ಚೀಲ ಕಾಣೆಯಾಗಿತ್ತು. ಇಂಥವನೇ ಒಬ್ಬ ಎಂದು ಯಾರೋ ಕೂಗಿದರು. ಜನ ಅವನನ್ನು ಹಿಡಿದು ಒಂದು ಅಂಗಡಿಯ ಕಟ್ಟೆಯ ಮೇಲೆ ಸಂಜೆವರೆಗೆ ಕೂರಿಸಿದರು. ಚೀಲ ಅದರ ಮಾಲೀಕ ಬಂದಿದ್ದ ಆಟೋದಲ್ಲೇ ಸಿಕ್ಕಿತು. ಹೋಗು ಎಂದರು, ಅಷ್ಟೇ. ಜಾವೀದ ಮಕ್ಕಳ ಬಟ್ಟೆ ಕೊಂಡುಕೊಂಡೇ ಊರಿಗೆ ಹೋದ, ಆ ಮಾತು ಎಂದೂ ಎತ್ತಲಿಲ್ಲ. ಅಫ್ರೀನ್ ಪಿಯುಸಿ ಪಾಸಾಗಿ ಮುಂದೆ ಏನು ಓದಲಿ ಎಂದು ಕೇಳಿದ ದಿನ ಅವಳ ತಾಯಿ ಅದನ್ನು ಹೇಳಿದ್ದಳು.

ಕಪಿಲ ಮತ್ತೆ ಎದ್ದ. ಸೋಲು ಒಪ್ಪುವ ಹುಡುಗನಲ್ಲ. "ಸಾಕ್ಷಿ ಗುರುತು ತಪ್ಪಿರಬಹುದು. ಆದ್ರ ಬೆಂಕಿ ಅಂತೂ ಬಿದ್ದದ. ಜೋನಾ ಅಲ್ಲ ಅಂದ್ರ ಮತ್ತ ಯಾರು ಹಚ್ಚಿದ್ರು? ಅದಕ್ಕ ಆರೋಪಿ ಕಡೆ ಉತ್ತರ ಇಲ್ಲ" ಎಂದ.

ಉತ್ತರ ಕೊಡುವುದು ತನ್ನ ಕೆಲಸವಲ್ಲ ಎಂದು ಹೇಳಲು ಅಫ್ರೀನ್ ಏಳುತ್ತಿದ್ದಾಗ ಜ್ಯೂರಿಯ ಮೊದಲ ಕುರ್ಚಿಯಲ್ಲಿ ಒಂದು ಕೈ ಮೇಲೆದ್ದಿತು.

"ನಂದೊಂದು ಮಾತೈತ್ರಿ ಸಾಹೇಬ್ರ" ಎಂದಳು ರೇಣವ್ವ.

"ಜ್ಯೂರಿ ನಡಕ ಮಾತಾಡೂಹಂಗಿಲ್ಲ, ಮಹಾಸ್ವಾಮಿ" ಎಂದ ಕಪಿಲ.

"ಮಾತಾಡಬಹುದು" ಎಂದರು ರಮಾಕಾಂತರು. "ನಮ್ಮಲ್ಲಿ ಜ್ಯೂರಿ ಇದ್ದ ಕಾಲದಾಗ ಅವರು ನ್ಯಾಯಾಧೀಶರ ಮುಖಾಂತರ ಪ್ರಶ್ನೆ ಕೇಳಬಹುದಾಗಿತ್ತು. ಕೇಳ್ರಿ ರೇಣವ್ವ."

"ಆ ಹತ್ತಿ ಯಾವಾಗಿಂದು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ರೇಣವ್ವ ಬಿಡಿಸಿ ಹೇಳಿದಳು. "ನಾ ಖಾದಿ ಕೇಂದ್ರಕ್ಕ ಬರೂದಕ್ಕಿಂತ ಮೊದಲ ಹದಿನೆಂಟು ವರ್ಷ ಹತ್ತಿಕಾಳು ಬಿಡಸೂ ಜಿನ್ನಿನಾಗ ಕೆಲಸ ಮಾಡೇನ್ರಿ. ಅದಕ್ಕ ಕೇಳಾಕತ್ತೇನಿ. ಹತ್ತಿ ಯಾವತ್ತ ಜಿನ್ ಮಾಡಿದ್ರು, ಯಾವತ್ತ ಒತ್ತಿ ಬೇಲ್ ಕಟ್ಟಿದ್ರು, ಬೆಂಕಿ ಯಾವತ್ತ ಬಿತ್ತು?"

ಸಂಪದಾ ಅನುವಾದದ ಹಾಳೆಗಳನ್ನು ಸರಸರನೆ ತಿರುವಿದರು. ಕನ್ನಡಕ ಹಣೆಗೇರಿತು, ಕೆಳಗಿಳಿಯಿತು. ಮೂರನೇ ಅಧ್ಯಾಯದಲ್ಲಿ ಸಿಕ್ಕಿತು. ಅವರು ಎದ್ದು ನಿಂತು ಓದಿದರು: ಶುಕ್ರವಾರ ಸಂಜೆ ಹಡಗು ಬರುವುದಿದೆ ಎಂದು ಮಾಲೀಕ ಕೆಲಸಗಾರರನ್ನು ಅವಸರಪಡಿಸಿದ. ಹತ್ತಿಯ ಜೊತೆ ಒಂದು ಮೊಳೆ ಯಂತ್ರಕ್ಕೆ ಸಿಕ್ಕಿ ಕರಕರ ಸದ್ದಾಯಿತು. ಯಂತ್ರ ನಿಲ್ಲಿಸಬೇಡಿರೆಂದು ಅವನು ಕೂಗಿದ. ಕೊನೆಯ ಇಪ್ಪತ್ತು ಬೇಲುಗಳನ್ನು ಕಟ್ಟಿ ಗೋದಾಮಿಗೆ ತಳ್ಳಿದರು. ಬೆಂಕಿ ಬಿದ್ದದ್ದು ಸೋಮವಾರ.

"ಅದ ನೋಡ್ರಿ" ಎಂದು ರೇಣವ್ವ ತೊಡೆ ತಟ್ಟಿದಳು. "ಮೊಳಿ ಯಂತ್ರಕ್ಕ ಬಡದ್ರ ಕಿಡಿ ಹಾರತೈತಿ. ಕಿಡಿ ಹತ್ತಿಗೆ ಬಿತ್ತಂದ್ರ ಕಣ್ಣಿಗೆ ಕಾಣೂದಿಲ್ಲ. ಒತ್ತಿ ಬೇಲ್ ಕಟ್ಟಿಬಿಡ್ತಾರ. ಅದು ಒಳಗ ಕೂತು ಸುಮ್ಮನ ಸುಡಕೋತ ಇರತೈತಿ. ಎರಡು ದಿನ, ಮೂರು ದಿನ. ಆಮ್ಯಾಲ ಗಾಳಿ ತಾಗಿದ ಕೂಡ್ಲೆ ಭಗ್ಗ್ ಅಂತೈತಿ. ನಮ್ಮ ಜಿನ್ನಿನಾಗ ಮೂರು ಸಲ ಆಗೇತ್ರಿ. ಮೊದಲನೇ ಸಲ ನಮಗ ಕೆಲಸ ಹಚ್ಚೂ ಮುಕಾದಮ ಪಾಪ ಬಾಳವ್ವನ್ನ ಹಿಡಕೊಂಡು ಬೈದ, ಬೀಡಿ ಸೇದಿ ಒಗದೀ ಅಂತ. ಆಕಿ ಬೀಡಿ ಮುಟ್ಟಿದಾಕೀನ ಅಲ್ಲ!"

ಅವಳು ಉಸಿರು ತಗೊಂಡು ಕಪಿಲನ ಕಡೆ ನೋಡಿದಳು. "ನೀವೆಲ್ಲಾ ಮುಂಜಾನಿಂದ ಯಾರು ಹಚ್ಚಿದ್ರು, ಯಾರು ಹಚ್ಚಿದ್ರು ಅಂತ ಕೇಳಾಕತ್ತೀರಿ. ಯಾರರೆ ಹಚ್ಚ್ಯಾರೇನು ಅಂತ ಒಬ್ಬರೂ ಕೇಳಲಿಲ್ಲ."

ಸಂಪದಾ ಹಾಳೆ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆ ಸಾಲನ್ನು ಅನುವಾದ ಮಾಡಿದ್ದು ಅವರೇ. ಐದಾರು ಸಲ ತಿದ್ದಿದ್ದೂ ಅವರೇ. ಅಫ್ರೀನ್ ಅದನ್ನು ಬಸ್ಸಿನಲ್ಲಿ ಓದಿ, ಮಾಲೀಕ ಎಂಥ ಕಟುಕ ಎಂದು ಅಂಚಿನಲ್ಲಿ ಗೆರೆ ಎಳೆದಿದ್ದಳು. ಮೊಳೆಯನ್ನು ಇಬ್ಬರೂ ನೋಡಿರಲಿಲ್ಲ.

"ಆದ್ರೂ ಇದು ಸಾಬೀತು ಆಗಿಲ್ಲ" ಎಂದ ಕಪಿಲ, ಈಗ ಅವನ ದನಿಯಲ್ಲೂ ಕುತೂಹಲವಿತ್ತು. "ಕಿಡಿಯಿಂದಾನ ಬಿತ್ತು ಅಂತ ಹೆಂಗ ಹೇಳ್ತೀರಿ ಅಜ್ಜಿ?"

"ನಾ ಎಲ್ಲಿ ಹೇಳಿದೆ? ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲಪಾ. ಇಬ್ಬರಿಗೂ ಗೊತ್ತಿಲ್ಲದ್ದಕ್ಕ ಅವನ್ನ ಯಾಕ ಜೇಲಿಗೆ ಹಾಕೂದು?"

ಅಫ್ರೀನ್ ಕೊನೆಯ ವಾದಕ್ಕೆ ಎರಡು ಪುಟ ಬರೆದುಕೊಂಡು ಬಂದಿದ್ದಳು. ಅದನ್ನು ಮಡಚಿಟ್ಟಳು. "ರೇಣವ್ವ ಕೇಳಿದ ಪ್ರಶ್ನೆಗಿಂತ ದೊಡ್ಡ ವಾದ ನನ್ನ ಹತ್ರ ಇಲ್ರಿ" ಎಂದಷ್ಟೇ ಹೇಳಿ ಕೂತಳು.

ಜ್ಯೂರಿ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿತು. ಹತ್ತು ನಿಮಿಷವಾಯಿತು. ಅರ್ಧ ತಾಸಾಯಿತು. ರೊಟ್ಟಿ, ಬದನೆಕಾಯಿ ಪಲ್ಯ, ಝುಣಕ ಎಲ್ಲ ಬಂದು ಮೇಜಿನ ಮೇಲೆ ಆರುತ್ತಿದ್ದವು. ಒಳಗಿಂದ ಜೋರು ದನಿಗಳು ಕೇಳುತ್ತಿದ್ದವು. ಗಿರಿಯಪ್ಪ ಎಂಬ ನಿವೃತ್ತ ಮಾಸ್ತರರು, ಸುಮ್ಮಸುಮ್ಮನೆ ಯಾರನ್ನೂ ಹಿಡಿಯುವುದಿಲ್ಲ, ತಪ್ಪಿಲ್ಲದೆ ಕೋರ್ಟಿಗೆ ಯಾಕೆ ತರುತ್ತಾರೆ ಎಂದು ಪಟ್ಟು ಹಿಡಿದಿದ್ದರೆಂದು ಆಮೇಲೆ ಗೊತ್ತಾಯಿತು. ಉಳಿದ ಹನ್ನೊಂದು ಜನ ಅವರಿಗೆ ಹೇಳಿ ಸೋತಿದ್ದರು. ಕೊನೆಗೆ ರೇಣವ್ವ ಅವರನ್ನು ಕೇಳಿದಳಂತೆ, "ಮಾಸ್ತರ, ನೀವು ಸಾಲ್ಯಾಗ ಹೊಡದ ಹುಡುಗರೊಳಗ ಒಬ್ಬನರೆ ತಪ್ಪು ಮಾಡದಂವ ಇದ್ದನೇನು?" ಮಾಸ್ತರರು, "ಇದ್ದ. ಎರಡು ಮಂದಿ ನೆನಪದಾರ" ಎಂದು ಹೇಳಿ ತಾವೇ ಬಾಗಿಲು ತೆಗೆದರಂತೆ.

ಒಂದು ತಾಸು ಇಪ್ಪತ್ತು ನಿಮಿಷದ ಮೇಲೆ ಹನ್ನೆರಡು ಜನ ಹೊರಬಂದರು. ಹೇಳುವ ಕೆಲಸವನ್ನು ಗಿರಿಯಪ್ಪ ಮಾಸ್ತರರೇ ಕೇಳಿ ಪಡೆದಿದ್ದರು. "ಆರೋಪಿ ಜೋನಾ ನಿರ್ದೋಷಿ. ಹನ್ನೆರಡೂ ಮಂದಿ ಒಮ್ಮತ" ಎಂದರು.

ಫಕೀರೇಶ ಕಟಕಟೆಯೆಂದು ಇಟ್ಟಿದ್ದ ಬೆಂಚಿನ ಮೇಲೆ ದೊಪ್ಪನೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅದು ಪಾತ್ರದ ಅಳುವಾಗಿರಲಿಲ್ಲ. "ಏನಾತ್ರಿ ನನಗ" ಎಂದು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಕಪಿಲ ಬಂದು ಅಫ್ರೀನ್ ಕೈ ಕುಲುಕಿದ. "ಖರೇ ಕೋರ್ಟಿನಾಗ ನಿನ್ನ ಎದುರಿಗೆ ಸಿಗಬಾರದು ನಾನು. ಆಕೀ ಎದುರಿಗಂತೂ ಬ್ಯಾಡೇ ಬ್ಯಾಡ" ಎಂದು ರೇಣವ್ವನ ಕಡೆ ಗೋಣು ಹಾಕಿದ.

ಊಟದ ಹೊತ್ತಿಗೆ ಅಫ್ರೀನ್ ಅಂಗಳಕ್ಕೆ ಹೋಗಿ ಊರಿಗೆ ಫೋನ್ ಮಾಡಿದಳು. ಜಾವೀದ ಎತ್ತಿದ. ಅವಳು ಎಲ್ಲ ಹೇಳಿದಳು. ಕಾವಲುಗಾರನಿಗೆ ಕೇಳಿದ ಪ್ರಶ್ನೆಯನ್ನೂ ಹೇಳಿದಳು. ಆ ಕಡೆ ಕೋಳಿಗಳು ಕೂಗುತ್ತಿದ್ದವು.

"ಅಬ್ಬಾ, ಕೇಳಾಕತ್ತೀಯೇನು?"

"ಕೇಳಾಕತ್ತೇನಿ" ಎಂದ ಜಾವೀದ. "ನಿಮ್ಮವ್ವ ನಿನಗ ಹೇಳ್ಯಾಳ ಅಂತ ನನಗ ಗೊತ್ತಿರಲಿಲ್ಲ. ಇರಲಿ ಬಿಡು. ಆ ಮುದುಕರು ಎಲ್ಲಾರ ಮುಂದ ತಪ್ಪಾತು ಅಂದ್ರೇನು?"

"ಅಂದ್ರು. ಜಡ್ಜ್ ಸಾಹೇಬ್ರೂ ಅಂದ್ರು. ಬರಸಿದ್ರು."

"ಬರಸಿದ್ರು?" ಜಾವೀದನಿಗೆ ನಗು ಬಂತು. ಬಹಳ ದಿನದ ಮೇಲೆ ಅವಳು ಕೇಳಿದ ದೊಡ್ಡ ನಗು ಅದು. "ಊಟ ಮಾಡು ಹೋಗು, ಆರತೈತಿ" ಎಂದು ಫೋನ್ ಇಟ್ಟ.

ಜೂನ್ ಎರಡನೇ ವಾರ ರೇಣವ್ವ ಮಗಳನ್ನು ಕರೆದುಕೊಂಡು ಕೋರ್ಟಿಗೆ ಬಂದಳು. ಕೈಚೀಲದಲ್ಲಿ ಹಳೆಯ ಕಾಗದಗಳಿದ್ದವು. ಗರಗದಲ್ಲಿ ಅವಳ ಮನೆಗೆ ಹೋಗುವ ಹಾದಿಗೆ ಬಾಜೂ ಮನೆಯ ಗುರುಶಿದ್ದಪ್ಪ ಗೋಡೆ ಎಬ್ಬಿಸಿದ್ದ. ನಾಲ್ಕು ತಿಂಗಳಿಂದ ಅವಳು ಹಿತ್ತಲು ಸುತ್ತಿ, ಮಂದಿಯ ಹೊಲ ತುಳಿದು ತಿರುಗಾಡುತ್ತಿದ್ದಳು.

"ನಮ್ಮ ಸೀನಿಯರ್ ಸಾಹೇಬರ ಹತ್ರ ಕರಕೊಂಡು ಹೋಗ್ತೇನಿ ಬಾ ಅವ್ವಾ" ಎಂದಳು ಅಫ್ರೀನ್.

"ಅವರ ಯಾಕ? ನಾ ನಿನ್ನ ನೋಡೇನಿ. ನೀ ಕೇಳೂ ಪ್ರಶ್ನೆ ನನಗ ತಿಳೀತಾವ. ನೀನ ಮಾಡು."

ಸೀನಿಯರ್ ಒಪ್ಪಿಗೆ ಕೊಟ್ಟರು. ಅಫ್ರೀನ್ ಗರಗಕ್ಕೆ ಹೋಗಿ ಹಾದಿ ಅಳೆದಳು, ಐವತ್ತು ವರ್ಷ ಹಳೆಯ ಖರೀದಿ ಪತ್ರದಲ್ಲಿ ಆ ಹಾದಿ ಎರಡೂ ಮನೆಗೆ ಸೇರಿದ್ದೆಂದು ಬರೆದಿದ್ದನ್ನು ಹುಡುಕಿದಳು, ದಾವೆ ಹಾಕಿದಳು. ವಕಾಲತ್ತಿನಲ್ಲಿ ಮೊದಲ ಸಲ ಅವಳೊಬ್ಬಳದೇ ಹೆಸರು. ಮೊದಲ ತಾರೀಖಿಗೇ ತಾತ್ಕಾಲಿಕ ಆದೇಶ ಸಿಕ್ಕಿತು. ಎರಡನೇ ತಾರೀಖು ಬರುವ ಮೊದಲೇ ಗುರುಶಿದ್ದಪ್ಪ ತಾನೇ ಗುದ್ದಲಿ ಹಿಡಿದು ಗೋಡೆ ಕೆಡವಿದ. ಊರ ಮಂದಿಯ ಬಾಯಿಗೆ ಹೆದರಿದ್ದ, ಇಲ್ಲವೇ ಆ ಖರೀದಿ ಪತ್ರಕ್ಕೆ.

ರಾಜಿಯ ಕಾಗದಕ್ಕೆ ಸಹಿ ಹಾಕಲು ಬಂದ ದಿನ ಅವನು ಕೋರ್ಟಿನ ಬೇವಿನ ಮರದ ಕೆಳಗೆ ಹಿಂದುಮುಂದು ನೋಡುತ್ತ ನಿಂತಿದ್ದ. ರೇಣವ್ವ ಬಸ್ಸಿಗೆಂದು ಹೊರಟ ಮೇಲೆ ಮೆಲ್ಲಗೆ ಅಫ್ರೀನ್ ಹತ್ತಿರ ಬಂದ.

"ವಕೀಲ ಬಾಯಾರ, ಒಂದು ಮಾತ್ರಿ."

"ಹೇಳ್ರಿ ಕಾಕಾ."

"ನಮ್ಮ ಅಣ್ಣ ನನ್ನ ಹೊಲದ ಬದುವಿನ ಮ್ಯಾಲ ತಂತಿ ಬೇಲಿ ಎಳದಾನ್ರಿ, ಎರಡು ಮಾರು ಒಳಗ ಬಂದು. ನಂದೂ ಹಳೇ ಕಾಗದ ಅದಾವು. ನೀವು... ನನ್ನ ಕೇಸ್ ಹಿಡೀತೀರೇನ್ರಿ?"

ಅಫ್ರೀನ್ ನಗು ತಡೆದುಕೊಂಡು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು. "ಕೂಡ್ರಿ" ಎಂದಳು. "ಆ ಬದು ಮೊದಲ ಎಲ್ಲಿತ್ತು, ಅದನ್ನ ಹೇಳ್ರಿ."